ಗಜ, ಚಿಂದಿ, ಎಣ್ಣೆ: ನಮ್ಮ ಸೀಮೆಯಲ್ಲಿ ಬಂದೂಕು ತೊಳೆದ ಚರಿತ್ರೆ

ವಿಜಯನಗರದ ಯುದ್ಧಗಳ ಬಗ್ಗೆ ಓದಿದಾಗ ಆನೆ ಎಷ್ಟು, ಕುದುರೆ ಎಷ್ಟು, ತೋಪು ಎಷ್ಟು ಎಂಬ ಲೆಕ್ಕ ಸಿಗುತ್ತದೆ. ಒಂದು ಸಲ ಹಾರಿಸಿದ ತೋಪಿನ ಬಾಯಿ ಒರೆಸಿ ಎರಡನೇ ಸಲಕ್ಕೆ ಸಿದ್ಧ ಮಾಡುತ್ತಿದ್ದವನ ಲೆಕ್ಕ ಸಿಗುವುದು ಅಪರೂಪ. ಆದರೆ ಒರೆಸದ ಬಂದೂಕು ಹತ್ತಿಪ್ಪತ್ತು ಗುಂಡಿನ ಮೇಲೆ ನಡೆಯುವುದಿಲ್ಲ, ಒರೆಸದೆ ಇಟ್ಟದ್ದು ಒಂದು ಮಳೆಗಾಲ ದಾಟುವುದಿಲ್ಲ.

ಇದನ್ನು ಈಗ ಬರೆಯಲು ಕಾರಣವಿದೆ. ಸಂಡೂರು ಗುಡ್ಡದ ಅಂಚಿನಲ್ಲಿ, ದರೋಜಿ ಕರಡಿಧಾಮದ ಆಸುಪಾಸಿನಲ್ಲಿ, ಕಂಪ್ಲಿ ಕಡೆಯ ಕಾಲುವೆ ಹೊಲಗಳಲ್ಲಿ ಕಾಡುಹಂದಿ, ಕರಡಿ ಕಾಟಕ್ಕೆ ಲೈಸೆನ್ಸ್ ಬಂದೂಕು ಇಟ್ಟುಕೊಂಡ ರೈತರಿದ್ದಾರೆ. ಕಾಗದದಲ್ಲಿ ಅದರ ಹೆಸರು ಎಸ್‌ಬಿಎಂಎಲ್, ಅಂದರೆ ಬಾಯಿಂದ ಮದ್ದು ತುಂಬುವ ಒಂಟಿ ನಳಿಕೆಯ ಬಂದೂಕು. ಅಜ್ಜನ ಹೆಸರಿಂದ ಅಪ್ಪನಿಗೆ, ಅಪ್ಪನ ಹೆಸರಿಂದ ಮಗನಿಗೆ ಬಂದವು ಅವು. ಅವನ್ನು ತೊಳೆಯುವುದು ಹೇಗೆ ಎಂದು ಕೇಳಿದರೆ ಸೈಕಲ್ ಕಡ್ಡಿ, ಹಳೇ ಸೀರೆ ತುಂಡು, ಸೀಮೆಎಣ್ಣೆ ಎನ್ನುತ್ತಾರೆ. ಕೆಲವರು ಅಡುಗೆಮನೆಯ ಕುಸುಬೆ ಎಣ್ಣೆ ಎನ್ನುತ್ತಾರೆ. ಒಳ್ಳೆಯ ಸಾಮಾನು ಯಾವುದು, ಕೆಟ್ಟದ್ದು ಯಾವುದು ಎಂಬ ಪ್ರಶ್ನೆಗೆ 500 ವರ್ಷಗಳ ಉತ್ತರ ನಮ್ಮ ನೆಲದಲ್ಲೇ ಇದೆ. ಅದನ್ನು ಒಂದೊಂದಾಗಿ ಬಿಚ್ಚಿ ನೋಡೋಣ.

ಮಹಾನವಮಿಯ ಹೊಳಪು

1520ರ ಸುಮಾರಿಗೆ ಹಂಪಿಗೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯೆಸ್ ಮಹಾನವಮಿ ಮುಗಿದ ಮೇಲೆ ನಡೆದ ಸೈನ್ಯದ ಪರಿಶೀಲನೆಯನ್ನು ವಿವರವಾಗಿ ಬರೆದಿದ್ದಾನೆ. ಬಿಲ್ಲುಗಾರರು, ಗುರಾಣಿಯವರು, ಈಟಿಯವರ ಜತೆ ಬಂದೂಕಿನವರೂ ದಪ್ಪ ಅಂಗಿ ತೊಟ್ಟು ತಮ್ಮ ಸಾಮಾನು ಸಮೇತ ಸಾಲಾಗಿ ನಿಂತಿದ್ದರು ಎನ್ನುತ್ತಾನೆ. ಕೆಲವು ಗುರಾಣಿಗಳಿಗೆ ಕಪ್ಪು ಬಣ್ಣ ಬಳಿದು ಉಜ್ಜಿದ್ದರು, ಕನ್ನಡಿಯಂತೆ ಮುಖ ಕಾಣುತ್ತಿತ್ತು ಎಂದೂ ಬರೆಯುತ್ತಾನೆ.

ಆಯುಧವನ್ನು ಹೊರಗಿನಿಂದ ಹೊಳೆಯಿಸುವ ಕಲೆ ನಮ್ಮವರಿಗೆ ಚೆನ್ನಾಗಿ ಗೊತ್ತಿತ್ತು. ಕತ್ತಿಗೆ, ಗುರಾಣಿಗೆ ಅಷ್ಟು ಸಾಕು. ಬಂದೂಕಿನ ಸಂಕಟ ಬೇರೆ, ಅದರ ಕೊಳೆ ಇರುವುದು ಒಳಗೆ.

ಅದೇ 1520ರಲ್ಲಿ ಕೃಷ್ಣದೇವರಾಯ ರಾಯಚೂರಿಗೆ ಮುತ್ತಿಗೆ ಹಾಕಿದ. ಇದನ್ನು ಬರೆದ ನೂನಿಜ್ ಪ್ರಕಾರ ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹನ ಬಳಿ ತೋಪಿನ ಬಲ ಹೆಚ್ಚಿತ್ತು. ಸೋತು ಓಡಿದಾಗ ಅವನು ಬಿಟ್ಟುಹೋದದ್ದು ಸಣ್ಣವನ್ನು ಬಿಟ್ಟು 400 ದೊಡ್ಡ ತೋಪು, ಅವಕ್ಕೆ 900 ಗಾಡಿ. ಕೋಟೆ ಗೋಡೆಯ ಮೇಲೆ ತಲೆ ಎತ್ತಿದವರನ್ನು ಗುರಿಯಿಟ್ಟು ಹೊಡೆದವರು ಕ್ರಿಸ್ಟೊವಾವೊ ದ ಫಿಗೆರೆದೊ ಜತೆ ಬಂದಿದ್ದ ಕೆಲವೇ ಪೋರ್ಚುಗೀಸ್ ಬಂದೂಕುಗಾರರು. ಅವರ ಮರೆಯಲ್ಲಿ ರಾಯನ ಆಳುಗಳು ಗೋಡೆಯ ಕಲ್ಲು ಕಿತ್ತರು.

ಇತಿಹಾಸಕಾರ ರಿಚರ್ಡ್ ಈಟನ್ ಈ ಯುದ್ಧದ ಬಗ್ಗೆ ಒಂದು ಮಾತು ಹೇಳುತ್ತಾರೆ: ತೋಪಿದ್ದವರು ಸೋತರು, ಹಾಗಾಗಿ ಗೆದ್ದವರು ತೋಪಿನ ಪಾಠ ಕಲಿಯಲಿಲ್ಲ, ಸೋತವರು ಕಲಿತರು. 45 ವರ್ಷದ ಮೇಲೆ, 1565ರ ಜನವರಿಯಲ್ಲಿ, ತಾಳಿಕೋಟೆ ಯುದ್ಧದಲ್ಲಿ ಆ ಪಾಠದ ಫಲ ಕಂಡಿತು. ತೋಪಿನ ಬಾಯಿಗೆ ತಾಮ್ರದ ನಾಣ್ಯ ತುಂಬಿ ಹಾರಿಸಿದರು ಎಂದು ಫೆರಿಷ್ತಾ ಬರೆಯುತ್ತಾನೆ. ಬಿಜಾಪುರದಲ್ಲಿ ಇಂದಿಗೂ ನಿಂತಿರುವ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು ಮುಹಮ್ಮದ್ ಬಿನ್ ಹಸನ್ ರೂಮಿ. ಸುಮಾರು 55 ಟನ್ ತೂಕ. ಅದು ಕಂಚು. ಕಬ್ಬಿಣದಂತೆ ತುಕ್ಕು ತಿನ್ನದ ಲೋಹವಾದ್ದರಿಂದ ಸುಮಾರು 475 ವರ್ಷ ಬಿಸಿಲು ಮಳೆಗೆ ನಿಂತರೂ ಅದರ ಸಿಂಹದ ಬಾಯಿ ಹಾಗೇ ಇದೆ.

ಆ ಕಾಲದ ತೋಪಿಗೆ ಬೇಕಿದ್ದ ಸಾಮಾನು ಪ್ರಪಂಚದ ಎಲ್ಲೆಡೆ ಹೆಚ್ಚುಕಡಿಮೆ ಒಂದೇ: ಉದ್ದ ಕೋಲಿನ ತುದಿಗೆ ಕುರಿಚರ್ಮ ಸುತ್ತಿದ ಒರಸು, ಪಕ್ಕದಲ್ಲಿ ಒಂದು ಬಾನಿ ನೀರು. ಒದ್ದೆ ಒರಸನ್ನು ಒಳಗೆ ತಿರುಗಿಸುವುದು ಸ್ವಚ್ಛತೆಗೆ ಮಾತ್ರ ಅಲ್ಲ. ಹಿಂದಿನ ಹೊಡೆತದ ಕೆಂಡ ಒಳಗೇ ಉಳಿದಿದ್ದರೆ ಹೊಸ ಮದ್ದು ತುರುಕುವವನ ಕೈಯಲ್ಲೇ ಅದು ಸಿಡಿಯುತ್ತದೆ. ಒರಸು ಸರಿಯಾಗಿ ಕೂರದಿದ್ದರೆ, ನಳಿಕೆಗಿಂತ ಸಣ್ಣದಿದ್ದರೆ, ಹೋಗುತ್ತಿದ್ದದ್ದು ಆಳಿನ ಜೀವ. ಸಾಮಾನಿನ ಗುಣಮಟ್ಟ ಎಂಬ ಮಾತಿನ ಮೊದಲ ಅರ್ಥ ಇದು.

ಮದ್ದು ಬಿಡುವ ಮಸಿ

ಕರಿಮದ್ದಿನಲ್ಲಿ ಇರುವುದು ಮೂರೇ: 100ರಲ್ಲಿ 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ನಮ್ಮ ಕಡೆ ಚೌಳು ಮಣ್ಣನ್ನು ತೊಳೆದು ಉಪ್ಪು, ಪೆಟ್ಲುಪ್ಪು ತೆಗೆಯುವ ಕಸುಬು ಉಪ್ಪಾರರದ್ದಾಗಿತ್ತು. ಈ ಮದ್ದು ಉರಿದಾಗ ಅರ್ಧಕ್ಕಿಂತ ಕಡಿಮೆ ತೂಕ ಮಾತ್ರ ಗಾಳಿಯಾಗುತ್ತದೆ. ಉಳಿದದ್ದು ಹೊಗೆಯ ಕಣವಾಗಿ ಹೊರಬೀಳುತ್ತದೆ, ಇಲ್ಲವೇ ನಳಿಕೆಯ ಗೋಡೆಗೆ ಮಸಿಯಾಗಿ ಅಂಟುತ್ತದೆ. ಆ ಮಸಿ ಬರೀ ಇದ್ದಿಲು ಪುಡಿಯಲ್ಲ, ಅದರಲ್ಲಿ ಕ್ಷಾರ, ಗಂಧಕದ ಲವಣ ಎಲ್ಲ ಇವೆ. ಗಾಳಿಯಲ್ಲಿನ ತೇವವನ್ನು ಹೀರಿಕೊಂಡು ರಾತ್ರಿ ಕಳೆಯುವುದರೊಳಗೆ ಕಬ್ಬಿಣವನ್ನು ತಿನ್ನಲು ಶುರು ಮಾಡುತ್ತದೆ.

ಸಂಡೂರಿನವರಿಗೆ ಕಬ್ಬಿಣದ ಬಗ್ಗೆ ಹೇಳಬೇಕಾಗಿಲ್ಲ. ಹೊಸಪೇಟೆ ಪಕ್ಕದ ಜಂಬುನಾಥನ ಗುಡ್ಡದ ಅದಿರನ್ನು ತಂದು ಕಮಲಾಪುರದಲ್ಲಿ ಕರಗಿಸುತ್ತಿದ್ದ ಕಾಲವೊಂದಿತ್ತು. ಅಗ್ಗದ ಇಂಗ್ಲಿಷ್ ಕಬ್ಬಿಣ ಬಂದ ಮೇಲೆ ಆ ಕುಲುಮೆಗಳು ಆರಿ, ಕಬ್ಬಿನಹಾಲು ಕಾಯಿಸುವ ಕೊಪ್ಪರಿಗೆ ಮಾಡುವ ಕೆಲಸ ಉಳಿಯಿತು. ಗಾಣದ ಮನೆಯವರಿಗೂ ಗೊತ್ತಿದ್ದ ಸತ್ಯ ಒಂದೇ: ಕಬ್ಬಿಣ ತೊಳೆದರೆ ಒಣಗಿಸಬೇಕು, ಒಣಗಿಸಿದರೆ ಎಣ್ಣೆ ಸವರಬೇಕು.

ಈ ಮಸಿಯಲ್ಲಿನ ಲವಣ ಕರಗುವುದು ನೀರಿಗೆ. ಸೀಮೆಎಣ್ಣೆಗೆ ಕರಗುವುದಿಲ್ಲ. ಉಪ್ಪನ್ನು ಸೀಮೆಎಣ್ಣೆಯಲ್ಲಿ ಹಾಕಿ ಕಲಕಿದರೆ ಉಪ್ಪು ಉಪ್ಪಾಗೇ ಇರುತ್ತದಲ್ಲ, ಹಾಗೆ. ಸೀಮೆಎಣ್ಣೆ ಹಾಕಿ ಒರೆಸಿದ ನಳಿಕೆ ನೋಡಲು ಕಪ್ಪು ಹೋಗಿ ಬೆಳ್ಳಗಾದಂತೆ ಕಾಣುತ್ತದೆ, ಕಬ್ಬಿಣ ತಿನ್ನುವ ಲವಣ ಮಾತ್ರ ಒಳಗೇ ಕೂತಿರುತ್ತದೆ. ಬಂದೂಕಿಗೆ ನೀರು ತಾಗಿಸಬಾರದು ಎಂಬ ನಂಬಿಕೆ ಹಳ್ಳಿಗಳಲ್ಲಿ ಗಟ್ಟಿಯಾಗಿದೆ. ಕರಿಮದ್ದಿನ ಬಂದೂಕಿನ ಮಟ್ಟಿಗೆ ಅದು ತಲೆಕೆಳಗಾದ ನಂಬಿಕೆ. ಕುದಿಯುವ ನೀರು ಹಾಕಿ ತೊಳೆದರೆ ಲವಣ ಕರಗುತ್ತದೆ, ನಳಿಕೆಯೂ ಬಿಸಿಯಾಗಿ ತಾನೇ ಬೇಗ ಆರುತ್ತದೆ. ತಣ್ಣೀರಿನಲ್ಲಿ ಈ ಎರಡನೇ ಲಾಭ ಇಲ್ಲ.

ಪಾಳೆಯಗಾರರ ತುಪಾಕಿ, ಕಂಪನಿಯ ಇಟ್ಟಿಗೆ ಪುಡಿ

1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಎದುರಿಗೆ ದತ್ತ ಮಂಡಲಗಳಲ್ಲಿ ಸುಮಾರು 80 ಪಾಳೆಯಗಾರರಿದ್ದರು. ಅವರ ಆಳುಗಳ ಕೈಯಲ್ಲಿದ್ದದ್ದು ಬತ್ತಿ ಹಚ್ಚಿ ಹಾರಿಸುವ ತುಪಾಕಿ. ಅದರ ಜತೆಗಿನ ಸಾಮಾನು ಮೂರು: ಮದ್ದು ಇಡಿಯುವ ಗಜ, ಕಿವಿಯ ತೂತು ಬಿಡಿಸುವ ಸೂಜಿ, ರಂಜಕದ ಪುಡಿಯ ಚಿಕ್ಕ ಬುರುಡೆ. ಕಿವಿ ಮುಚ್ಚಿದರೆ ರಂಜಕ ಭುಗ್ ಎಂದು ಉರಿದು ಸುಮ್ಮನಾಗುತ್ತದೆ, ಒಳಗಿನ ಮದ್ದಿಗೆ ಬೆಂಕಿ ತಾಗುವುದಿಲ್ಲ. ಹಾಗಾಗಿ ಗೇಣುದ್ದದ ಸೂಜಿ ಇಲ್ಲದ ತುಪಾಕಿ ಬರೀ ಕಬ್ಬಿಣದ ಕೋಲು.

ಕಂಪನಿ ಸಿಪಾಯಿಯ ಕಲ್ಲು ಬಂದೂಕಿಗೂ ಸೂಜಿ, ಪುಟ್ಟ ಕುಂಚ ಇದ್ದವು. ನಡುಪಟ್ಟಿಯ ಬಳಿ ಸರಪಳಿಗೆ ತೂಗುತ್ತಿದ್ದವು. ಕಂಪನಿಯ ದಂಡಿಗೂ ಮಹಾನವಮಿಯ ಹೊಳಪಿನ ಹುಚ್ಚು ಬೇರೆ ರೂಪದಲ್ಲಿ ಇತ್ತು. ಕವಾಯತಿನ ದಿನ ನಳಿಕೆ ಬೆಳ್ಳಿಯಂತೆ ಮಿರುಗಬೇಕು ಎಂದು ಇಟ್ಟಿಗೆ ಪುಡಿ ಹಾಕಿ ಉಜ್ಜಿಸುತ್ತಿದ್ದರು. ಇಟ್ಟಿಗೆ ಪುಡಿ ತುಕ್ಕನ್ನೂ ತೆಗೆಯುತ್ತದೆ, ಕಬ್ಬಿಣವನ್ನೂ ತೆಗೆಯುತ್ತದೆ. ವರ್ಷಗಟ್ಟಲೆ ಉಜ್ಜಿದರೆ ನಳಿಕೆ ತೆಳುವಾಗುತ್ತದೆ. ಉಕ್ಕಿನ ಗಜ ಮೂತಿಯಲ್ಲಿ ಸದಾ ಒಂದೇ ಕಡೆ ಉಜ್ಜಿ ಬಾಯಿ ದುಂಡಗೆ ಉಳಿಯುವುದಿಲ್ಲ, ಗುಂಡು ಓರೆ ಹೋಗುತ್ತದೆ. ಮುಂದೆ ಸೈನ್ಯವೇ ಈ ಹೊಳಪನ್ನು ಬಿಟ್ಟು ನಳಿಕೆಗೆ ಕಂದು ಬಣ್ಣ ಹಿಡಿಸುವ ಪದ್ಧತಿಗೆ ಬಂತು. ಇಂದು ಹೊಸಪೇಟೆಯ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುವ ಮರಳು ಕಾಗದ ಆ ಇಟ್ಟಿಗೆ ಪುಡಿಯ ಮೊಮ್ಮಗ. ನಳಿಕೆ ಒಳಗೆ ಅದು ಹೋಗಬಾರದು.

ಬಳ್ಳಾರಿಯ ದಂಡಿನ ಬಿಳಿ ಸಿಪಾಯಿಗಳು ಕಾಯಿಲೆ ಬಿದ್ದರೆ ಚೇತರಿಸಿಕೊಳ್ಳಲು ಹೋಗುತ್ತಿದ್ದದ್ದು ಸಂಡೂರು ಸಂಸ್ಥಾನದ ರಾಮನದುರ್ಗಕ್ಕೆ, 3000 ಅಡಿಗೂ ಎತ್ತರದ ಗುಡ್ಡಕ್ಕೆ. ಕೆಳಗೆ ಬಳ್ಳಾರಿಯ ಒಣ ಬಿಸಿಲು, ಮೇಲೆ ಮಳೆಗಾಲದ ಮಂಜು. ಒಂದೇ ಬಂದೂಕಿಗೆ ಎರಡು ಹವೆ. ಬಿಸಿಲಿನಲ್ಲಿ ವಾರಕ್ಕೊಮ್ಮೆ ಎಣ್ಣೆ ಸಾಕಾದರೆ ಗುಡ್ಡದ ಮೇಲೆ ದಿನಕ್ಕೊಮ್ಮೆ ನೋಡಬೇಕು. ಇದು ಇಂದು ಆ ಗುಡ್ಡದ ಕೆಳಗಿನ ಹಳ್ಳಿಗಳಿಗೂ ಅನ್ವಯಿಸುವ ಮಾತು.

1857: ಜಿಡ್ಡಿನ ಜಗಳ

1857ರ ದಂಗೆಗೆ ದನ, ಹಂದಿ ಕೊಬ್ಬು ಸವರಿದ ತೋಟಾ ಕಾರಣ ಎಂದು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಆ ಕೊಬ್ಬು ಅಲ್ಲಿ ಯಾಕೆ ಬಂತು ಎಂದು ಶಾಲೆಯಲ್ಲಿ ಹೇಳುವುದಿಲ್ಲ. 1853ರ ಮಾದರಿಯ ಎನ್‌ಫೀಲ್ಡ್ ಬಂದೂಕಿನ ನಳಿಕೆಯೊಳಗೆ ಸುರುಳಿ ಗೀರುಗಳಿದ್ದವು. ಗೀರಿನಲ್ಲಿ ಮಸಿ ಗಟ್ಟಿಯಾಗಿ ಕೂತರೆ ಮುಂದಿನ ಗುಂಡು ಇಳಿಯುವುದೇ ಇಲ್ಲ. ಮಸಿ ಮೆತ್ತಗಿರಲಿ, ಗುಂಡು ಜಾರಲಿ ಎಂದು ತೋಟಾಕ್ಕೆ ಜಿಡ್ಡು ಬೇಕಾಯಿತು. ಅಂದರೆ ಅದು ನಳಿಕೆಯ ಸ್ವಚ್ಛತೆಯ ಪ್ರಶ್ನೆಯೇ ಆಗಿತ್ತು. ಸಿಪಾಯಿಗಳು ತುಪ್ಪ, ಜೇನುಮೇಣ ಹಾಕಿ ತಾವೇ ಜಿಡ್ಡು ಮಾಡಿಕೊಳ್ಳಲಿ ಎಂದು ಕಂಪನಿ ಅಪ್ಪಣೆ ಕೊಟ್ಟಾಗ ಹೊತ್ತು ಮೀರಿತ್ತು. ಜೇನುಮೇಣದಿಂದಲೂ ಆಗುತ್ತಿದ್ದ ಕೆಲಸಕ್ಕೆ, ಬಾಯಲ್ಲಿ ಕಚ್ಚುವವನ ಧರ್ಮ ಕೇಳದೆ, ಅಗ್ಗದ ಕೊಬ್ಬನ್ನು ಆರಿಸಿದ್ದು ಸಾಮಾನಿನ ಆಯ್ಕೆಯಲ್ಲಿ ಆದ ಅತಿ ದುಬಾರಿ ಅಚಾತುರ್ಯ.

ನಮ್ಮ ಕಡೆ ಆ ವರ್ಷದ ಕಥೆ ಬೇರೆ ದಾರಿ ಹಿಡಿಯಿತು. ಜನರ ಆಯುಧ ಕಿತ್ತುಕೊಳ್ಳುವ ಕಾಯ್ದೆ ಬಂತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಕೊಡುವುದಿಲ್ಲ ಎಂದರು. 1857ರ ನವೆಂಬರಿನಲ್ಲಿ ಊರಿಗೆ ದಂಡು ಬಿತ್ತು, ಹಿಡಿದವರಲ್ಲಿ ಹಲವರನ್ನು ಡಿಸೆಂಬರಿನಲ್ಲಿ ಗಲ್ಲಿಗೆ ಹಾಕಿದರು. ಮರುವರ್ಷ ಮೇ ತಿಂಗಳಲ್ಲಿ ಹಮ್ಮಿಗೆಯ ಕೆಂಚನಗೌಡನ ಬಳಿ ಸಿಕ್ಕ ಆಯುಧ, ಮದ್ದಿನ ಸಂಗ್ರಹಕ್ಕೆ ಸರ್ಕಾರ ಕಾವಲು ಹಾಕಿತು. ಮುಂಡರಗಿ ಭೀಮರಾವ್ ಅದನ್ನು ಬಿಡಿಸಿಕೊಂಡು ಹೊರಟ. ಡಂಬಳ, ಗದಗ ದಾಟಿ ಕೊಪ್ಪಳ ಕೋಟೆ ಹಿಡಿದ. ಬಳ್ಳಾರಿಯಿಂದ ಹೋದ ಮೇಜರ್ ಹ್ಯೂಸ್‌ನ ದಂಡು 1858ರ ಜೂನ್ 1ರಂದು ಕೋಟೆಯನ್ನು ಕಿತ್ತುಕೊಂಡಿತು, ಭೀಮರಾವ್, ಕೆಂಚನಗೌಡ ಇಬ್ಬರೂ ಅಲ್ಲೇ ಮಡಿದರು. ಹೊಸಪೇಟೆಯಿಂದ ಹೊಳೆ ದಾಟಿದರೆ ಸಿಗುವ ಊರು ಅದು.

ಹಲಗಲಿಯವರ ಲಾವಣಿಯನ್ನು ಜೆ.ಎಫ್. ಫ್ಲೀಟ್ ಸಂಗ್ರಹಿಸಿದ್ದರಿಂದ ಅದು ಉಳಿಯಿತು. ಆಯುಧ ಉಳಿಯಲಿಲ್ಲ. 1878ರ ಆಯುಧ ಕಾಯ್ದೆ ಬಂದಮೇಲೆ ಬಂದೂಕು ಇಟ್ಟುಕೊಳ್ಳುವುದು ಹಕ್ಕು ಹೋಗಿ ಪರವಾನಗಿಯಾಯಿತು. ಪರವಾನಗಿ ಸಿಕ್ಕ ಒಂದು ಬಂದೂಕನ್ನು ಮೂರು ತಲೆಮಾರು ಕಾಪಾಡಿಕೊಳ್ಳುವ ಅಗತ್ಯ ನಮ್ಮ ಹಳ್ಳಿಗಳಿಗೆ ಬಂದದ್ದು ಹಾಗೆ. ಹೊಸದು ಸುಲಭಕ್ಕೆ ಸಿಗುವುದಿಲ್ಲ ಎಂದಾಗಲೇ ತೊಳೆಯುವ ಸಾಮಾನಿಗೆ ಬೆಲೆ. ಸ್ವಾತಂತ್ರ್ಯದ ನಂತರ 1959ರ ಕಾಯ್ದೆ, 2016ರ ನಿಯಮಗಳು ಬಂದವು. ಪರವಾನಗಿಯ ಚೌಕಟ್ಟು ಹಾಗೇ ಉಳಿಯಿತು.

ದಂಡಿನ ಬಳುವಳಿ: ಚಿಂದಿ

ಎನ್‌ಸಿಸಿಗೆ ಹೋದವರಿಗೆ ಚಿಂದಿ, ಪುಲ್‌ಥ್ರೂ ಎಂಬ ಎರಡು ಮಾತು ಮರೆಯುವುದಿಲ್ಲ. ಗಟ್ಟಿ ಹಗ್ಗ, ಒಂದು ತುದಿಗೆ ಹಿತ್ತಾಳೆಯ ತೂಕ, ಇನ್ನೊಂದು ತುದಿಯ ಕುಣಿಕೆಗೆ ಬಟ್ಟೆ ತುಂಡು. ತೂಕವನ್ನು ನಳಿಕೆಗೆ ಇಳಿಬಿಟ್ಟು ಆಚೆಯಿಂದ ಎಳೆದರೆ ಬಟ್ಟೆ ಒಳಗನ್ನು ಒರೆಸುತ್ತ ಬರುತ್ತದೆ. ನಮ್ಮ ಪೊಲೀಸರು ದಶಕಗಟ್ಟಲೆ ಹೊತ್ತ .303 ರೈಫಲ್‌ನ ಹಿಂಬದಿಯ ಮರದೊಳಗೆ ಈ ಹಗ್ಗಕ್ಕೂ ಎಣ್ಣೆ ಶೀಶೆಗೂ ಗೂಡು ಕೊರೆದಿರುತ್ತಿತ್ತು. ಒರೆಸುವ ಚಿಂದಿಯ ಅಳತೆ 4 ಇಂಚು ಉದ್ದ, 2 ಇಂಚು ಅಗಲ. ಎಣ್ಣೆ ಸವರಲು ಅದಕ್ಕಿಂತ ಕಿರಿದು. ಅಳತೆ ಯಾಕೆಂದರೆ ದೊಡ್ಡ ಬಟ್ಟೆ ಮಧ್ಯದಲ್ಲಿ ಸಿಕ್ಕಿಕೊಳ್ಳುತ್ತದೆ, ಚಿಕ್ಕದು ಗೋಡೆ ಮುಟ್ಟುವುದಿಲ್ಲ.

ಆ ಕಾಲದ .303 ತೋಟಾದ ಕ್ಯಾಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದು ಉಳಿಯುವುದು ಅಡುಗೆ ಉಪ್ಪಿನ ದಾಯಾದಿಯಂಥ ಲವಣ. ಹೊಗೆಯಿಲ್ಲದ ಮದ್ದು ಬಂದರೂ ದಂಡಿನಲ್ಲಿ ಕುದಿಯುವ ನೀರು, ಅದನ್ನು ಹೊಯ್ಯುವ ಆಲಿಕೆ ಉಳಿದದ್ದು ಅದಕ್ಕೇ. ನೀರಿನ ಮೇಲೆ ಎಣ್ಣೆ. ಬರ್ಮಾದ ಭೂಮಿಎಣ್ಣೆಯಿಂದ ಬಂದ ಬಂದೂಕು ಎಣ್ಣೆಗೆ ರಂಗೂನ್ ಎಣ್ಣೆ ಎಂದೇ ಹೆಸರು ಬಿದ್ದಿತ್ತು. ಭೂಮಿಎಣ್ಣೆಯ ಗುಣ ಏನೆಂದರೆ ಅದು ಗಾಳಿಗೆ ಗಟ್ಟಿಯಾಗುವುದಿಲ್ಲ.

ನಮ್ಮ ಕುಸುಬೆ, ಅಗಸೆ ಎಣ್ಣೆಗಳು ಹಾಗಲ್ಲ. ಗಾಳಿಗೆ ಬಿಟ್ಟರೆ ಅವು ಒಣಗಿ ಮೊದಲು ಅಂಟಾಗುತ್ತವೆ, ಆಮೇಲೆ ಪೊರೆಯಾಗುತ್ತವೆ. ಅಗಸೆ ಎಣ್ಣೆಯನ್ನು ಬಣ್ಣಕ್ಕೆ ಬೆರೆಸುವುದು ಆ ಗುಣಕ್ಕಾಗಿಯೇ. ಬಂದೂಕಿನ ಹಿಂಬದಿಯ ಮರಕ್ಕೆ ಅಗಸೆ ಎಣ್ಣೆ ಉತ್ತಮ. ಕುದುರೆ, ಸ್ಪ್ರಿಂಗ್, ನಳಿಕೆಗೆ ಹಾಕಿದರೆ ಕುದುರೆ ಬಿಗಿಯುತ್ತದೆ. ಔಡಲ ಎಣ್ಣೆ ಒಣಗುವುದಿಲ್ಲ, ಆದರೆ ತೀರ ಮಂದ, ಧೂಳು ಹಿಡಿಯುತ್ತದೆ. ಗಣಿ ಧೂಳಿನ ಸಂಡೂರಿನಲ್ಲಿ ಮಂದ ಎಣ್ಣೆ ಅಂದರೆ ಮರಳು ಕಾಗದಕ್ಕೆ ಸಮ.

ಈಗ ಕೊಳ್ಳುವವರಿಗೆ

ಚರಿತ್ರೆ ಹೇಳಿದ್ದನ್ನು ಅಂಗಡಿಯ ಭಾಷೆಗೆ ಇಳಿಸಿದರೆ ಹೀಗಾಗುತ್ತದೆ.

ಗಜ: ಹಿತ್ತಾಳೆಯದು, ಒಂದೇ ತುಂಡಿನದು ಒಳ್ಳೆಯದು. ಮೂರು ತುಂಡು ತಿರುಪಿ ಜೋಡಿಸುವುದರ ಸಂದಿಯಲ್ಲಿ ಧೂಳು ಕೂರುತ್ತದೆ, ಸಂದಿಯ ಅಂಚು ನಳಿಕೆಗೆ ಗೀರು ಹಾಕುತ್ತದೆ. ಸೈಕಲ್ ಕಡ್ಡಿ ಉಕ್ಕು, ಅದೂ ಬಾಗುತ್ತದೆ, ಬೇಡ. ಗಜ ನಳಿಕೆಗಿಂತ ಒಂದು ಗೇಣಾದರೂ ಉದ್ದ ಇರಬೇಕು. ಹಿಂದಿನಿಂದ ತೆರೆಯುವ ಬಂದೂಕಾದರೆ ಹಿಂದಿನಿಂದಲೇ ಒರೆಸಿ. ಬಾಯಿಂದ ಒರೆಸಲೇಬೇಕಾದದ್ದಕ್ಕೆ ಗಜ ಮೂತಿಗೆ ಉಜ್ಜದಂತೆ ಹಿತ್ತಾಳೆಯ ಬಳೆ ಸಿಗುತ್ತದೆ, ಕೊಳ್ಳಿ.

ಕುಂಚ: ಹಿತ್ತಾಳೆ ಇಲ್ಲವೇ ಕಂಚಿನ ತಂತಿಯದು. ಉಕ್ಕಿನ ತಂತಿಯದು ಗೋಡೆಯನ್ನೇ ಕೆರೆಯುತ್ತದೆ. ಅಳತೆ ಕೇಳಿ ತೆಗೆದುಕೊಳ್ಳಿ. 12 ಬೋರ್ ಎಂದರೆ ಒಂದು ಪೌಂಡು ಸೀಸವನ್ನು 12 ಗುಂಡು ಮಾಡಿದಾಗ ಒಂದೊಂದು ಗುಂಡಿಗೆ ಬರುವ ಅಡ್ಡಳತೆ, ಸುಮಾರು 18.5 ಮಿ.ಮೀ. ನಾಡಿನಲ್ಲಿ ಬಡಿದು ಮಾಡಿದ ನಳಿಕೆಗಳ ಅಳತೆ ಒಂದೇ ಇರುವುದಿಲ್ಲ, ಬಂದೂಕಿನ ಬಾಯಿ ಅಳೆದುಕೊಂಡೇ ಹೋಗಿ.

ಸುರುಳಿ ಮೊಳೆ: ಗಜದ ತುದಿಗೆ ತಿರುಪುವ ಎರಡು ಹಲ್ಲಿನ ಸುರುಳಿ. ಒಳಗೆ ಸಿಕ್ಕಿದ ಬಟ್ಟೆ ತೆಗೆಯಲು ಇದೊಂದೇ ದಾರಿ. ಇದು ಇಲ್ಲದೆ ಬಟ್ಟೆ ಒಳಗೆ ಬಿಡಬೇಡಿ. ಸಿಕ್ಕ ಬಟ್ಟೆಯನ್ನು ಮದ್ದು ಹಾರಿಸಿ ತೆಗೆಯಲು ಹೋದರೆ ನಳಿಕೆ ಸೀಳಬಹುದು.

ಸೂಜಿ: ತಾಮ್ರ, ಹಿತ್ತಾಳೆಯದು. ಉಕ್ಕಿನದು ಕಿವಿಯ ತೂತನ್ನು ವರ್ಷದಿಂದ ವರ್ಷಕ್ಕೆ ಅಗಲ ಮಾಡುತ್ತದೆ.

ಬಟ್ಟೆ: ಹಳೆಯ ಹತ್ತಿ ಪಂಚೆಗಿಂತ ಒಳ್ಳೆಯದಿಲ್ಲ. ಪಾಲಿಸ್ಟರ್ ಸೀರೆ ನೀರು, ಎಣ್ಣೆ ಹೀರುವುದಿಲ್ಲ.

ಎಣ್ಣೆ: ತೆಳುವಾದ ಖನಿಜ ಎಣ್ಣೆ, ಹೊಲಿಗೆ ಯಂತ್ರಕ್ಕೆ ಹಾಕುವಂಥದ್ದೂ ನಡೆಯುತ್ತದೆ. ಹನಿ ಲೆಕ್ಕ. ಹಾರಿಸುವ ಮೊದಲು ಒಣ ಬಟ್ಟೆಯಿಂದ ಒಳಗಿನ ಎಣ್ಣೆ ತೆಗೆಯಬೇಕು. ಪೆಟ್ರೋಲಿನಿಂದ ತೊಳೆಯುವುದು ಬೆಂಕಿಯ ಜತೆ ಆಟ.

ಚುನಾವಣೆ ಬಂತೆಂದರೆ ಬಂದೂಕು ಠಾಣೆಗೆ ಹೋಗುತ್ತದೆ. 2024ರ ಲೋಕಸಭೆ ಚುನಾವಣೆಯ ನೀತಿಸಂಹಿತೆ ಮಾರ್ಚ್ 16ರಿಂದ ಜೂನ್ ಮೊದಲ ವಾರದವರೆಗೆ ಇತ್ತು. ಅಷ್ಟು ದಿನ ನಿಮ್ಮ ಕೈಯಲ್ಲಿರುವುದಿಲ್ಲ. ಕೊಡುವ ಹಿಂದಿನ ದಿನ ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರಿ ಕೊಡಿ. ಚರ್ಮದ ಚೀಲ, ಗೋಣಿ ಸುತ್ತು ತೇವ ಹಿಡಿದಿಡುತ್ತವೆ. ಆಯುಧಪೂಜೆಯ ಅರಿಶಿನ ಕುಂಕುಮವೂ ಹಾಗೇ. ನೀರಿನಲ್ಲಿ ಕಲಸಿ ಹಚ್ಚಿದ್ದನ್ನು ಮರುದಿನ ಒರೆಸಿಬಿಡಿ, ದೇವಿ ಬೇಸರ ಮಾಡಿಕೊಳ್ಳುವುದಿಲ್ಲ.

ಬೆಳೆ ರಕ್ಷಣೆಯ ಲೈಸೆನ್ಸ್ ಇದೆ ಎಂದ ಮಾತ್ರಕ್ಕೆ ಪ್ರಾಣಿ ಕೊಲ್ಲಲು ಅಪ್ಪಣೆ ಸಿಕ್ಕಂತಲ್ಲ. ಕರಡಿ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಸದ್ದಿಗೆ ಹಾರಿಸುವವರ ನಳಿಕೆಯಲ್ಲೂ ಮಸಿ ಅಷ್ಟೇ ಕೂರುತ್ತದೆ, ತೊಳೆಯುವ ಕೆಲಸ ಕಮ್ಮಿಯಾಗುವುದಿಲ್ಲ.

ಕೊನೆಯದು, ಎಲ್ಲಕ್ಕಿಂತ ಅಗ್ಗದ್ದು. ಬಾಯಿಂದ ತುಂಬುವ ಬಂದೂಕಿನ ಒಳಗೆ ಮದ್ದಿದೆಯೋ ಇಲ್ಲವೋ ಹೊರಗಿನಿಂದ ಕಾಣುವುದಿಲ್ಲ. ಕಳೆದ ಸುಗ್ಗಿಯಲ್ಲಿ ಅಪ್ಪ ತುಂಬಿಟ್ಟು ಮರೆತದ್ದನ್ನು ಈ ವರ್ಷ ಮಗ ಒರೆಸಲು ಕೂರುತ್ತಾನೆ. ಅದಕ್ಕೆ ಹಳಬರು ಮಾಡುತ್ತಿದ್ದ ಉಪಾಯ ಇದು: ಬಂದೂಕು ಖಾಲಿ ಇದೆ ಎಂದು ಖಚಿತವಿದ್ದ ದಿನ ಗಜವನ್ನು ತಳದವರೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಗಜದ ಮೇಲೆ ಅರದಿಂದ ಒಂದು ಗೀರು ಹಾಕಿ. ಮುಂದೆ ಯಾವತ್ತೇ ಒರೆಸಲು ಕೂತರೂ, ಕುದುರೆಯ ಕೆಳಗೆ ಕ್ಯಾಪ್ ಇಲ್ಲ ಎಂದು ನೋಡಿಕೊಂಡು, ಮೂತಿಯನ್ನು ಮುಖದಿಂದ, ಮಕ್ಕಳಿಂದ ಆಚೆ ತಿರುಗಿಸಿ, ಮೊದಲು ಗಜ ಇಳಿಸಿ. ಗೀರು ಬಾಯಿಗೆ ಬಂದರೆ ಖಾಲಿ. ಗೀರು ಎರಡು ಬೆರಳು ಮೇಲೆ ನಿಂತರೆ ಒಳಗೆ ಏನೋ ಇದೆ. ಆಗ ಚಿಂದಿ, ಎಣ್ಣೆ ಎಲ್ಲ ಪಕ್ಕಕ್ಕಿಟ್ಟು, ಗಜವನ್ನು ಹೊರತೆಗೆದು, ಗೊತ್ತಿದ್ದ ಲೈಸೆನ್ಸ್‌ದಾರ ರಿಪೇರಿಯವರನ್ನು ಕೇಳಿ.